ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದ ಮಹಾನ್ ಬೌಲರ್



ಮರಳವಾಡಿಯಿಂದ ಹಾರೋಬೆಲೆಯವರೆಗೆ ಕನಕಪುರ ಸೀಮೆಯ ಯಾವ ಊರಿಗೆ ಹೋದರೂ, ರಾಗಿ ಕೊಯ್ಲಾದ ಹೊಲದಲ್ಲಿ ಮೂರು ಕೋಲು ನೆಟ್ಟು ಕ್ರಿಕೆಟ್ ಆಡುವ ಮಕ್ಕಳು ಕಣ್ಣಿಗೆ ಬೀಳುತ್ತಾರೆ. ಚೆಂಡು ತಿರುಗಿಸುವ ಹುಡುಗನನ್ನು ಗೆಳೆಯರು ಕುಂಬ್ಳೆ ಎಂದು ಕರೆದು ಹುರಿದುಂಬಿಸುತ್ತಾರೆ. ಮನೆಯ ಹಿರಿಯರಾದರೆ ಚಂದ್ರಶೇಖರ್, ಪ್ರಸನ್ನ ಅವರನ್ನು ನೆನೆಯುತ್ತಾರೆ. ಆದರೆ ಇವರೆಲ್ಲರಿಗಿಂತ ಬಹಳ ಮೊದಲು ನಮ್ಮ ಧಾರವಾಡದಲ್ಲಿ ಹುಟ್ಟಿ, ಇಂಗ್ಲೆಂಡಿನ ಮೈದಾನಗಳಲ್ಲಿ ಒಂದೇ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದ ಒಬ್ಬ ಸ್ಪಿನ್ ಬೌಲರ್ ಇದ್ದರು. ಅವರ ಹೆಸರು ಪಲ್ವಂಕರ್ ಬಾಲು. ನಿಮ್ಮಲ್ಲಿ ಎಷ್ಟು ಮಂದಿ ಈ ಹೆಸರು ಕೇಳಿದ್ದೀರಿ?

1870ರ ದಶಕದ ನಡುವಿನಲ್ಲಿ ಹುಟ್ಟಿದ ಬಾಲು ಚಮ್ಮಾರ ಕುಲದವರು. ಮೂಲ ಊರು ಕೊಂಕಣದ ಕಡೆಯದು, ಮನೆಮಾತು ಮರಾಠಿ. ತಂದೆ ಸೈನ್ಯದ ನೌಕರಿಯಲ್ಲಿದ್ದರು. ಕುಟುಂಬ ಪುಣೆಗೆ ಹೋದ ಮೇಲೆ ಬಾಲಕ ಬಾಲುವಿಗೆ ಪಾರ್ಸಿಗಳ ಕ್ರಿಕೆಟ್ ಕ್ಲಬ್ಬಿನಲ್ಲಿ ನೆಲ ಗುಡಿಸುವ, ಪಿಚ್ಚಿನ ಮೇಲೆ ರೋಲರ್ ಎಳೆಯುವ ಕೆಲಸ ಸಿಕ್ಕಿತು. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ಬಿಗೆ ಸೇರಿದಾಗ ಅದು 4 ರೂಪಾಯಿ ಆಯಿತು.

ಅಲ್ಲಿನ ಆಂಗ್ಲ ಆಟಗಾರರಿಗೆ ಅಭ್ಯಾಸಕ್ಕೆ ಚೆಂಡು ಎಸೆಯುವವರು ಬೇಕಾಗಿತ್ತು. ಬಾಲು ಎಡಗೈಯಿಂದ ನಿಧಾನವಾಗಿ ಚೆಂಡು ತಿರುಗಿಸಿ ಎಸೆಯತೊಡಗಿದರು. ಜೆ. ಜಿ. ಗ್ರೇಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ ತಮ್ಮನ್ನು ಔಟ್ ಮಾಡಿದ ಪ್ರತಿ ಸಲಕ್ಕೂ ಅವರಿಗೆ ಎಂಟಾಣೆ ಕೊಡುತ್ತಿದ್ದರಂತೆ. ಹೀಗೆ ಗಂಟೆಗಟ್ಟಲೆ ಬೌಲಿಂಗ್ ಮಾಡಿದ ಬಾಲು ಅವರ ಕೈಗೆ ಆ ಕ್ಲಬ್ಬಿನಲ್ಲಿ ಒಂದು ದಿನವಾದರೂ ಬ್ಯಾಟ್ ಸಿಗಲಿಲ್ಲ. ಬ್ಯಾಟ್ ಹಿಡಿಯುವುದು ದೊರೆಗಳ ಕೆಲಸ, ಚೆಂಡು ಎಸೆಯುವುದು ಆಳುಗಳ ಕೆಲಸ ಎಂಬ ಕಾಲವದು.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಯುರೋಪಿಯನ್ನರನ್ನು ಸೋಲಿಸಬೇಕೆಂಬ ಆಸೆ. ಬಾಲು ಇಲ್ಲದೆ ಅದು ಆಗದ ಮಾತು. ಆದರೆ ಅಸ್ಪೃಶ್ಯನೊಡನೆ ಆಡುವುದು ಹೇಗೆ? ಬಹಳ ಚರ್ಚೆಯಾಗಿ ಕೊನೆಗೆ ಅವರನ್ನು ತಂಡಕ್ಕೆ ಸೇರಿಸಿಕೊಂಡರು. ಮೈದಾನದೊಳಗೆ ಎಲ್ಲರೂ ಅದೇ ಚೆಂಡು ಮುಟ್ಟುತ್ತಿದ್ದರು. ಚಹಾ ವಿರಾಮ ಬಂತೆಂದರೆ ಉಳಿದವರು ಪೆವಿಲಿಯನ್ ಒಳಗೆ ಪಿಂಗಾಣಿ ಬಟ್ಟಲಲ್ಲಿ ಚಹಾ ಕುಡಿಯುವರು. ಬಾಲು ಅವರಿಗೆ ಹೊರಗಡೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೂ ಬೇರೆ ತಟ್ಟೆ, ಬೇರೆ ಜಾಗ. ತಂಡವನ್ನು ಗೆಲ್ಲಿಸುವ ಕೈ ಬೇಕಿತ್ತು. ಆ ಕೈ ಮುಟ್ಟಿದ ಬಟ್ಟಲು ಬೇಡವಾಗಿತ್ತು.

ಬಾಲು ಆಟ ಬಿಡಲಿಲ್ಲ. ಮುಂದೆ ಮುಂಬಯಿಗೆ ಹೋಗಿ, ರೈಲ್ವೆಯಲ್ಲಿ ನೌಕರಿ ಮಾಡುತ್ತ ಹಿಂದೂ ಜಿಮ್ಖಾನಾ ಪರವಾಗಿ ಆಡಿದರು. 1906ರಲ್ಲಿ ಹಿಂದೂಗಳ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಆ ಗೆಲುವಿನ ಹಿಂದೆ ಅವರ ಎಡಗೈಯ ದುಡಿಮೆ ದೊಡ್ಡದು. 1911ರಲ್ಲಿ ಪಟಿಯಾಲದ ಮಹಾರಾಜರ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಹೆಚ್ಚಿನ ಪಂದ್ಯಗಳನ್ನು ಸೋತಿತು. ಆದರೆ ಬಾಲು ಒಬ್ಬರೇ 114 ವಿಕೆಟ್ ಪಡೆದರು. ಮರಳಿ ಬಂದಾಗ ಮುಂಬಯಿಯ ಶೋಷಿತ ಜನ ಅವರನ್ನು ತಮ್ಮ ವೀರನೆಂದು ಬರಮಾಡಿಕೊಂಡರು. ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಭೀಮರಾವ್ ಅಂಬೇಡ್ಕರ್ ಕೂಡ ಅವರ ಅಭಿಮಾನಿಗಳಲ್ಲಿ ಒಬ್ಬರು.

ಓದುಗರೇ, ಇಷ್ಟಾದ ಮೇಲೆ ಅವರನ್ನೇ ನಾಯಕನನ್ನಾಗಿ ಮಾಡಿರಬೇಕೆಂದು ನೀವು ಭಾವಿಸಬಹುದು. ಹಾಗಾಗಲಿಲ್ಲ. ವರ್ಷ ವರ್ಷವೂ ನಾಯಕನ ಆಯ್ಕೆಯ ಹೊತ್ತಿಗೆ ಅನುಭವ, ಸಾಧನೆಗಳೆಲ್ಲ ಹಿಂದೆ ಸರಿದು ಜಾತಿ ಮುಂದೆ ಬರುತ್ತಿತ್ತು. ನಾಯಕರಾದ ಎಂ. ಡಿ. ಪೈ ಅವರೇ ಈ ಗೌರವ ಬಾಲು ಅವರಿಗೆ ಸಲ್ಲಬೇಕಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅದು ಅವರ ದೊಡ್ಡತನ. ಆದರೂ ಪದ್ಧತಿ ಬದಲಾಗಲಿಲ್ಲ.

ಆಗ ನೆರವಿಗೆ ನಿಂತವರು ಒಡಹುಟ್ಟಿದವರು. ಬಾಲು ಅವರ ತಮ್ಮಂದಿರಾದ ಶಿವರಾಮ್, ಗಣಪತ್, ವಿಠಲ್ ಮೂವರೂ ಅಣ್ಣನನ್ನು ನೋಡಿ ಆಟ ಕಲಿತವರು. 1920ರಲ್ಲಿ ಅಣ್ಣನನ್ನು ತಂಡದಿಂದ ಕೈಬಿಟ್ಟು, ನಾಯಕತ್ವಕ್ಕೆ ವಿಠಲ್ ಅವರನ್ನೂ ಬದಿಗೊತ್ತಿದಾಗ, ವಿಠಲ್ ಮತ್ತು ಶಿವರಾಮ್ ಆಡಲು ನಿರಾಕರಿಸಿದರು. ಇದಕ್ಕೆ ಕಾರಣ ಜಾತಿಯೇ ಎಂದು ಪತ್ರಿಕೆಗಳ ಮೂಲಕ ನೇರವಾಗಿ ಹೇಳಿದರು. ಜನಾಭಿಪ್ರಾಯ ಅವರ ಕಡೆ ತಿರುಗಿತು. ಮುಂದಿನ ಪಂದ್ಯಕ್ಕೆ ಸೋದರರನ್ನು ಮತ್ತೆ ಕರೆದು ಬಾಲು ಅವರನ್ನು ಉಪನಾಯಕರನ್ನಾಗಿ ಮಾಡಿದರು. ಪೈ ಅವರು ಮೈದಾನದಿಂದ ಹೊರಗೆ ಹೋದ ಹೊತ್ತಿನಲ್ಲಿ ಬಾಲು ತಂಡವನ್ನು ಮುನ್ನಡೆಸಿದರು. ಅಷ್ಟು ದೊಡ್ಡ ಆಟಗಾರನಿಗೆ ದಕ್ಕಿದ ನಾಯಕತ್ವ ಅಷ್ಟೇ. ಆದರೆ 1923ರಲ್ಲಿ ವಿಠಲ್ ಪೂರ್ಣ ನಾಯಕರಾದರು, ತಂಡ ಗೆದ್ದಿತು, ಜನ ಅವರನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಅಣ್ಣ ತಟ್ಟಿದ ಬಾಗಿಲು ತಮ್ಮನಿಗೆ ತೆರೆಯಿತು.

ಬಾಲು ಅವರ ಮುಂದಿನ ಬದುಕು ಅಷ್ಟು ಸರಳವಾಗಿರಲಿಲ್ಲ. 1932ರ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೂ ಒಬ್ಬರು. 1937ರ ಮುಂಬಯಿ ಶಾಸನಸಭೆಯ ಚುನಾವಣೆಯಲ್ಲಿ ಕಾಂಗ್ರೆಸ್ ಅವರನ್ನು ಅಂಬೇಡ್ಕರ್ ಅವರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರ್ 13,245 ಮತ ಪಡೆದು ಗೆದ್ದರು; ಬಾಲು ಅವರಿಗೆ ಬಂದದ್ದು 11,225. ಒಂದು ಕಾಲದ ಅಭಿಮಾನಿಯೂ ಆತನ ವೀರನೂ ಎದುರಾಳಿಗಳಾದದ್ದು ಅನೇಕರಿಗೆ ನೋವಿನ ಸಂಗತಿಯೇ ಆಗಿತ್ತು. ದಾರಿ ಬೇರೆಯಾದರೂ ಇಬ್ಬರೂ ಉಂಡ ಅವಮಾನ ಒಂದೇ ಎಂಬುದನ್ನು ನಾವು ಮರೆಯಬಾರದು.

1955ರ ಜುಲೈ 4ರಂದು ಬಾಲು ಮುಂಬಯಿಯಲ್ಲಿ ತೀರಿಕೊಂಡರು. ಅವರ ಆಟ ಕಣ್ಣಾರೆ ಕಂಡವರು ಒಬ್ಬೊಬ್ಬರಾಗಿ ಕಣ್ಮರೆಯಾದಂತೆ ಹೆಸರೂ ಮಸುಕಾಯಿತು. ಭಾರತ ಮೊದಲ ಟೆಸ್ಟ್ ಆಡಿದ್ದು 1932ರಲ್ಲಿ. ಅಷ್ಟರಲ್ಲಿ ಅವರ ಆಟದ ವಯಸ್ಸು ಮುಗಿದಿತ್ತು. ಹಾಗಾಗಿ ಟೆಸ್ಟ್ ದಾಖಲೆಗಳಲ್ಲಿ ಅವರಿಲ್ಲ. 2002ರಲ್ಲಿ ಇತಿಹಾಸಕಾರ ರಾಮಚಂದ್ರ ಗುಹಾ ಅವರು ಭಾರತೀಯ ಕ್ರಿಕೆಟ್ಟಿನ ಕುರಿತು ಬರೆದ ಪುಸ್ತಕದಿಂದ ಅವರ ಕಥೆ ಹೊಸ ತಲೆಮಾರಿನ ಅಭಿಮಾನಿಗಳನ್ನು ತಲುಪಿತು. ಬಾಲು ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ಹುಟ್ಟಿದವರೂ ಇಂದು ಅವರನ್ನು ಅಭಿಮಾನದಿಂದ ನೆನೆಯುತ್ತಾರೆ.

ತಂದೆತಾಯಂದಿರೇ, ನಿಮ್ಮ ಮಕ್ಕಳಿಗೆ ಈ ಕಥೆ ಹೇಳಿ. 114 ವಿಕೆಟ್ಟುಗಳ ಜೊತೆಗೆ ಮಣ್ಣಿನ ಕುಡಿಕೆಯ ಸಂಗತಿಯನ್ನೂ ಹೇಳಿ. ಅದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ. ನಮ್ಮ ಹಳ್ಳಿಗಳ ಹೋಟೆಲುಗಳಲ್ಲೂ ಎರಡು ಲೋಟದ ಪದ್ಧತಿ ಇತ್ತೆಂಬುದು ಹಿರಿಯರಿಗೆಲ್ಲ ಗೊತ್ತು. ಕಥೆ ಮುಗಿದ ಮೇಲೆ ಒಮ್ಮೆ ನಿಮ್ಮ ಅಡುಗೆಮನೆಯ ಕಡೆ ನೋಡಿ. ಹೊಲದ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರಿಗೆಂದು ಮೂಲೆಯಲ್ಲಿ ಬೇರೆ ಇಟ್ಟ ಲೋಟವೊಂದು ಇದ್ದರೆ, ಇಂದೇ ಅದನ್ನು ತೊಳೆದು ಮನೆಯವರ ಲೋಟಗಳ ಸಾಲಿಗೆ ಸೇರಿಸಿಬಿಡಿ.