ಪನಾಮಾ ರೋಗ ಮೊದಲು ಕಂಡಿದ್ದು ಪನಾಮಾದಲ್ಲಲ್ಲ! ಅದನ್ನು ಬರೆದಿಟ್ಟ ಡಾಕ್ಟರ್ ಯಾರು ಗೊತ್ತೇ?

ಬಾಳೆಯ ಸೊರಗು ರೋಗಕ್ಕೆ ಪನಾಮಾ ರೋಗ ಎಂಬ ಹೆಸರಿದೆ. ಹಾಗಾಗಿ ಅದು ಪನಾಮಾ ದೇಶದಲ್ಲೇ ಹುಟ್ಟಿತು ಎಂದು ಹಲವರು ನಂಬಿದ್ದಾರೆ. ಇದು ನಿಜವಲ್ಲ. ಆ ರೋಗ ಮೊದಲು ದಾಖಲಾಗಿದ್ದು 1876ರಲ್ಲಿ, ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿ. ದಾಖಲಿಸಿದವರು ಕೃಷಿ ಅಧಿಕಾರಿಯಲ್ಲ, ಜನರಿಗೆ ಮದ್ದು ಕೊಡುತ್ತಿದ್ದ ವೈದ್ಯ ಜೋಸೆಫ್ ಬ್ಯಾಂಕ್ರಾಫ್ಟ್.

ಯಾರು ಈ ಬ್ಯಾಂಕ್ರಾಫ್ಟ್?

1836ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿ ಹುಟ್ಟಿದವರು. ವೈದ್ಯಕೀಯ ಓದಿ ಕೆಲಕಾಲ ಅಲ್ಲೇ ವೃತ್ತಿ ಮಾಡಿ, 1864ರಲ್ಲಿ ಬ್ರಿಸ್ಬೇನ್‌ಗೆ ವಲಸೆ ಬಂದರು. ರೋಗಿಗಳನ್ನು ನೋಡುವುದರ ಜೊತೆಗೆ ಗಿಡಮೂಲಿಕೆಗಳನ್ನು ಪರೀಕ್ಷಿಸಿದರು. ತುಕ್ಕು ರೋಗ ತಡೆಯುವ ಗೋಧಿ ತಳಿಗಾಗಿಯೂ ಪ್ರಯೋಗ ಮಾಡಿದರು.

ಅದೇ 1876ರ ಡಿಸೆಂಬರ್‌ನಲ್ಲಿ ರೋಗಿಯೊಬ್ಬರ ತೋಳಿನ ಕುರುವಿನಲ್ಲಿ ಅವರಿಗೆ ದಾರದಂಥ ಹುಳವೊಂದು ಸಿಕ್ಕಿತು. ಅದು ಆನೆಕಾಲು ರೋಗ ತರುವ ಹುಳ. ಅದರ ವೈಜ್ಞಾನಿಕ ಹೆಸರಾದ ವುಚೆರೇರಿಯಾ ಬ್ಯಾಂಕ್ರಾಫ್ಟಿಯಲ್ಲಿ ಇಂದಿಗೂ ಅವರ ಹೆಸರಿದೆ. 1894ರಲ್ಲಿ ಅವರು ತೀರಿಕೊಂಡರು.

ನಮಗೂ ಇದಕ್ಕೂ ಏನು ಸಂಬಂಧ?

ಬ್ಯಾಂಕ್ರಾಫ್ಟ್ ನೋಡಿದ್ದು ‘ಶುಗರ್’ ಎಂಬ ಬಾಳೆಯನ್ನು. ನಮ್ಮ ನಂಜನಗೂಡು ರಸಬಾಳೆಯೂ ಅದೇ ಗುಂಪಿಗೆ ಸೇರಿದ್ದು. ರಸಬಾಳೆ ಅಪರೂಪವಾಗಲು ದೊಡ್ಡ ಕಾರಣವೂ ಇದೇ ರೋಗ. ಮಧ್ಯ ಅಮೆರಿಕದ ತೋಟಗಳು ಹಾಳಾದ ಮೇಲಷ್ಟೇ ಇದಕ್ಕೆ ಪನಾಮಾ ಹೆಸರು ಅಂಟಿತು.

ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ. 1910ರಲ್ಲಿ ಕ್ಯೂಬಾದ ಬಾಳೆಯಿಂದ ಅದನ್ನು ಬೇರ್ಪಡಿಸಿ ಹೆಸರಿಡಲಾಯಿತು. ಅದು ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಸಾಗುವ ನಾಳಗಳನ್ನು ಕಟ್ಟಿಹಾಕುತ್ತದೆ. ಕೆಳಗಿನ ಎಲೆಗಳು ಅಂಚಿನಿಂದ ಹಳದಿಯಾಗಿ, ಮುರಿದು, ಗಿಡದ ಸುತ್ತ ಜೋತುಬೀಳುತ್ತವೆ. ಗಡ್ಡೆ ಸೀಳಿದರೆ ಒಳಗೆ ಕೆಂಗಂದು ಕಲೆಗಳು ಕಾಣುತ್ತವೆ.

ಬುಡಕ್ಕೆ ಔಷಧಿ ಸುರಿದರೆ ಗುಣವಾಗುತ್ತದೆಯೇ?

ಇಲ್ಲ. ಶಿಲೀಂಧ್ರ ಒಳಹೊಕ್ಕ ಗಿಡವನ್ನು ಗುಣಪಡಿಸುವ ಔಷಧಿ ಇಂದಿಗೂ ಇಲ್ಲ. ಅದು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಹಾಗಾಗಿ ಬಾರದಂತೆ ನೋಡಿಕೊಳ್ಳುವುದೇ ಮದ್ದು:

• ರೋಗ ಬಂದ ತೋಟದಿಂದ ಕಂದು ತರಬೇಡಿ. ನಂಬಿಕಸ್ಥ ಕಡೆಯಿಂದ ಟಿಶ್ಯೂ ಕಲ್ಚರ್ ಸಸಿ ತನ್ನಿ.
• ಗುದ್ದಲಿ, ಚಪ್ಪಲಿ, ಟ್ರ್ಯಾಕ್ಟರ್ ಚಕ್ರದ ಮಣ್ಣು ತೊಳೆದೇ ಬೇರೆ ತೋಟಕ್ಕೆ ಹೋಗಿ.
• ರೋಗದ ಗಿಡದ ಬುಡದಿಂದ ಹರಿದ ನೀರು ಉಳಿದ ಗಿಡಗಳಿಗೆ ತಲುಪದಿರಲಿ.
• ರೋಗ ಬಂದ ಜಾಗದಲ್ಲಿ ಮತ್ತೆ ಅದೇ ತಳಿಯ ಬಾಳೆ ಹಾಕಬೇಡಿ.

ಇನ್ನೊಂದು ಅನುಮಾನ: ರೋಗ ಬಂದ ತೋಟದ ಹಣ್ಣು ತಿಂದರೆ ನಮಗೂ ರೋಗ ಬರುತ್ತದೆಯೇ? ಬರುವುದಿಲ್ಲ. ಇದು ಗಿಡದ ರೋಗ, ಮನುಷ್ಯರಿಗೆ ಅಂಟುವುದಿಲ್ಲ.

ಒಂದೇ ಔಷಧಿಯಲ್ಲಿ ತೋಟ ಉಳಿಯುತ್ತದೆ ಎಂಬ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ. ಅದನ್ನು ನಂಬಿದ ರೈತ ಔಷಧಿಗೆ ಹಣ ಸುರಿದು, ಆ ತೋಟದ ಕಂದನ್ನೇ ಪಕ್ಕದವರಿಗೂ ಕೊಟ್ಟಾನು.