ಆಲ್ಕೋಹಾಲ್ ಕೈಯಲ್ಲಿತ್ತು, ಸೀಸ ಗೆದ್ದಿತು

ಪುಣೆಯಲ್ಲಿ ನನ್ನ ಕೆಲಸ ಕಾರಿನ ಎಂಜಿನ್ ನಿಯಂತ್ರಿಸುವ ಸಾಫ್ಟ್‌ವೇರ್ ಬರೆಯುವುದು. ಗೋಕಾಕ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪ ಬೆಳೆಯುವುದು ಕಬ್ಬು. ಯುಗಾದಿಗೆ ಊರಿಗೆ ಹೋದಾಗ, ಕಬ್ಬಿನ ಎಥನಾಲ್ ಬೆರೆಸಿದರೆ ಗಾಡಿಯ ಹೊಗೆ ನಿಜವಾಗಿಯೂ ಸ್ವಚ್ಛ ಆಗುತ್ತದೆಯೇ ಎಂದು ಅಪ್ಪ ಕೇಳಿದರು. ಸ್ವಲ್ಪ ಹೌದು, ಸ್ವಲ್ಪ ಇಲ್ಲ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಪುಣೆಗೆ ಮರಳುವಾಗ ದಾರಿಯುದ್ದಕ್ಕೂ ನೆನಪಾದವರು ಥಾಮಸ್ ಮಿಡ್ಜ್ಲಿ.

ಮಿಡ್ಜ್ಲಿ ಹುಟ್ಟಿದ್ದು 1889ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್; ರಸಾಯನಶಾಸ್ತ್ರ ಕಲಿತದ್ದು ಕೆಲಸ ಮಾಡುತ್ತಲೇ. 1916ರಲ್ಲಿ ಚಾರ್ಲ್ಸ್ ಕೆಟರಿಂಗ್ ಅವರ ಪ್ರಯೋಗಾಲಯ ಸೇರಿದರು. ಆಗಿನ ಪೆಟ್ರೋಲ್ ಎಂಜಿನ್‌ಗಳಿಗೆ ದೊಡ್ಡ ಕಾಯಿಲೆ ನಾಕಿಂಗ್. ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಎಂಜಿನ್ ಟಕಟಕ ಸದ್ದು ಮಾಡುತ್ತಿತ್ತು. ಅದಕ್ಕೆ ಮದ್ದು ಹುಡುಕುವುದು ಅವರ ಕೆಲಸವಾಯಿತು.

ಒಂದು ಮದ್ದು ಬೇಗನೆ ಸಿಕ್ಕಿತು: ಆಲ್ಕೋಹಾಲ್. ಅದನ್ನು ಬೆರೆಸಿದ ಇಂಧನಕ್ಕೆ ಮಿಡ್ಜ್ಲಿ ಪೇಟೆಂಟ್ ಅರ್ಜಿಯನ್ನೂ ಹಾಕಿದ್ದರು. ಆದರೆ ಆಲ್ಕೋಹಾಲನ್ನು ಯಾರು ಬೇಕಾದರೂ ಭಟ್ಟಿ ಇಳಿಸಬಹುದು, ಬೆರೆಸುವುದೂ ಹೆಚ್ಚು ಬೇಕು. 1921ರ ಡಿಸೆಂಬರ್‌ನಲ್ಲಿ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತ ಸಿಕ್ಕಿತು. ಒಂದು ಗ್ಯಾಲನ್ ಪೆಟ್ರೋಲಿಗೆ ಒಂದು ಟೀ ಚಮಚಕ್ಕಿಂತ ಕಡಿಮೆ ಸಾಕು. ಅಗ್ಗ, ಹಕ್ಕೂ ಕಂಪನಿಯದೇ. 1923ರಲ್ಲಿ ಮಾರಾಟ ಶುರುವಾಯಿತು, ಈಥೈಲ್ ಎಂಬ ಹೆಸರಿನಲ್ಲಿ. ಆ ಹೆಸರಿನಲ್ಲಿ ಸೀಸದ ಸುಳಿವೇ ಇರಲಿಲ್ಲ.

ಸೀಸ ವಿಷವೆಂದು ಅವರಿಗೆ ಗೊತ್ತಿತ್ತು. ಅದೇ ವರ್ಷ ಸ್ವತಃ ಅವರೇ ಸೀಸದ ವಿಷವೇರಿ ಫ್ಲೋರಿಡಾಕ್ಕೆ ಹೋಗಿ ವಿಶ್ರಾಂತಿ ಪಡೆದಿದ್ದರು. 1924ರಲ್ಲಿ ನ್ಯೂಜೆರ್ಸಿಯ ತೈಲ ಸಂಸ್ಕರಣಾಗಾರವೊಂದರಲ್ಲಿ ಈ ದ್ರವ ತಯಾರಿಸುತ್ತಿದ್ದ ಐವರು ಕಾರ್ಮಿಕರು ಭ್ರಮೆ ಹಿಡಿದು ಸತ್ತರು. ಆಗ ಮಿಡ್ಜ್ಲಿ ಪತ್ರಕರ್ತರ ಮುಂದೆ ಅದನ್ನು ಕೈಗೆ ಸುರಿದುಕೊಂಡು, ಒಂದು ನಿಮಿಷ ಮೂಸಿ, ಅಪಾಯವಿಲ್ಲವೆಂದು ತೋರಿಸಿದರು. ಕೆಲಕಾಲ ನಿಂತ ಮಾರಾಟ 1926ರಲ್ಲಿ ಮತ್ತೆ ಶುರುವಾಯಿತು.

ಮುಂದೆ ಫ್ರಿಜ್‌ಗೆ ಬೇಕಾದ ಫ್ರಿಯಾನ್ ಅನಿಲವನ್ನೂ ಅವರ ತಂಡವೇ ಕೊಟ್ಟಿತು. ಓಝೋನ್ ಪದರಕ್ಕೆ ಅದು ಮಾಡಿದ ಹಾನಿ ತಿಳಿದದ್ದು ದಶಕಗಳ ನಂತರ. 1940ರಲ್ಲಿ ಪೋಲಿಯೊ ಬಂದು ಹಾಸಿಗೆ ಹಿಡಿದರು. ಮೇಲೇಳಲು ತಾವೇ ಹಗ್ಗ, ರಾಟೆಗಳ ಸಾಧನ ಮಾಡಿಕೊಂಡಿದ್ದರು. 1944ರ ನವೆಂಬರ್‌ನಲ್ಲಿ ಅದೇ ಹಗ್ಗ ಕತ್ತಿಗೆ ಸುತ್ತಿಕೊಂಡು ತೀರಿಕೊಂಡರು. ಆಗ 55 ವರ್ಷ.

ಸೀಸ ಮಾತ್ರ ಉಳಿಯಿತು. ಮಕ್ಕಳ ಮಿದುಳಿಗೆ ಹಾನಿ ಮಾಡುವ ಆ ಹೊಗೆ ನಮ್ಮ ದೇಶದಲ್ಲಿ ನಿಂತದ್ದು 2000ದಲ್ಲಿ. ನಾನೂ ಚಿಕ್ಕಂದಿನಲ್ಲಿ ಅದನ್ನು ಉಸಿರಾಡಿದವನೇ.

ಈಗ ಪಂಪ್‌ನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಅಣುವಿನಲ್ಲೇ ಆಮ್ಲಜನಕ ಇರುವುದರಿಂದ, ಮುಖ್ಯವಾಗಿ ಹಳೆಯ ಗಾಡಿಗಳಲ್ಲಿ, ಕಾರ್ಬನ್ ಮೊನಾಕ್ಸೈಡ್ ಕಡಿಮೆ. ಕ್ಯಾನ್ಸರ್ ತರುವ ಬೆಂಜೀನ್ ಕೂಡ ಕಡಿಮೆ. ಆದರೆ ಕಣ್ಣು, ಗಂಟಲು ಉರಿಸುವ ಅಸಿಟಾಲ್ಡಿಹೈಡ್ ಹೆಚ್ಚು, ಅದರಲ್ಲೂ ತಣ್ಣಗಿರುವ ಎಂಜಿನ್ ಶುರು ಮಾಡಿದ ಮೊದಲ ನಿಮಿಷಗಳಲ್ಲಿ. ನೈಟ್ರೋಜನ್ ಆಕ್ಸೈಡ್‌ಗಳ ಏರಿಳಿತ ಎಂಜಿನ್ ಹೊಂದಾಣಿಕೆಯ ಮೇಲೆ ನಿಂತಿದೆ. ಲೀಟರ್ ಎಥನಾಲ್‌ನಲ್ಲಿ ಶಕ್ತಿ ಮೂರನೇ ಒಂದು ಭಾಗ ಕಡಿಮೆ. ಆದ್ದರಿಂದ ಹೋಲಿಕೆ ಲೀಟರಿಗಲ್ಲ, ಕಿಲೋಮೀಟರಿಗೆ ಆಗಬೇಕು. ನಮ್ಮ ಗಾಡಿಯ ಪಿಯುಸಿ ಚೀಟಿಯಲ್ಲಿ ಅಸಿಟಾಲ್ಡಿಹೈಡ್‌ನ ಲೆಕ್ಕವೇ ಇಲ್ಲ.

ಕಳೆದ ಭಾನುವಾರ ಅಪ್ಪನಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಸೀಸಕ್ಕಿಂತ ನಮ್ಮ ಕಬ್ಬು ಸಾವಿರ ಪಾಲು ಮೇಲು. ಹಾಗೆಂದು ಅದರ ಹೊಗೆಯನ್ನು ಅಳೆಯದೆ ಬಿಡುವಂತಿಲ್ಲ. ಮಿಡ್ಜ್ಲಿ ದಡ್ಡರಾಗಿರಲಿಲ್ಲ, ಗೊತ್ತಿದ್ದನ್ನು ಮುಚ್ಚಿಟ್ಟರು. ಕಬ್ಬು ನಮ್ಮದೇ ಆಗಿರುವಾಗ ಆ ತಪ್ಪು ಮಾಡುವುದು ನಮಗೂ ಸುಲಭ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಸರಿಯಾಗಿ ಅಳೆಯಪ್ಪ ಎಂದರು.