ಹೋಬಿ ಬೇಕರ್: ಆಟದ ಬಯಲಿನಿಂದ ಬ್ಯಾಂಕಿನ ಮೇಜಿಗೆ

ಇಬ್ಬರು ಗಂಡುಮಕ್ಕಳಲ್ಲಿ ಒಬ್ಬನನ್ನು ಮಾತ್ರ ಕಾಲೇಜಿಗೆ ಕಳುಹಿಸುವಷ್ಟು ಹಣ ಕೈಯಲ್ಲಿದ್ದರೆ ತಂದೆಯಾದವನು ಏನು ಮಾಡಬೇಕು? ಈ ಕಷ್ಟ ನಮ್ಮ ಮನೆಗಳಿಗೆ ಹೊಸದಲ್ಲ. ಅಮೆರಿಕದ ಒಂದು ಸಿರಿವಂತ ಮನೆಗೂ ಒಮ್ಮೆ ಇದೇ ಕಷ್ಟ ಬಂದಿತ್ತು. ಆ ಮನೆಯ ಕಿರಿಯ ಮಗನೇ ಹೋಬಾರ್ಟ್ ಬೇಕರ್. ಹೋಬಿ ಎಂದು ಎಲ್ಲರೂ ಅವನನ್ನು ಕರೆಯುತ್ತಿದ್ದರು. ಕಾಲೇಜು ಕ್ರೀಡೆಯಲ್ಲಿ ಅವನಷ್ಟು ಹೆಸರು ಗಳಿಸಿದವರು ಆ ಕಾಲದಲ್ಲಿ ಆ ದೇಶದಲ್ಲಿ ವಿರಳ.

ಹೋಬಿ ಹುಟ್ಟಿದ್ದು 1892ರ ಜನವರಿ 15ರಂದು, ಫಿಲಡೆಲ್ಫಿಯಾ ನಗರದ ಬಳಿ. ತಂದೆಯೂ ತನ್ನ ಯೌವನದಲ್ಲಿ ಪ್ರಿನ್ಸ್‌ಟನ್ ಕಾಲೇಜಿಗೆ ಫುಟ್‌ಬಾಲ್ ಆಡಿದವನು. ಹನ್ನೊಂದನೆಯ ವಯಸ್ಸಿಗೆ ಹೋಬಿಯನ್ನೂ ಅವನ ಅಣ್ಣ ಥಾರ್ನ್‌ಟನ್‌ನನ್ನೂ ಕಾಂಕರ್ಡ್ ಎಂಬ ಊರಿನ ಸೇಂಟ್ ಪಾಲ್ಸ್ ಶಾಲೆಯ ವಸತಿಗೃಹಕ್ಕೆ ಸೇರಿಸಿದರು. ನಮ್ಮ ಕೆರೆಗಳು ಬೇಸಿಗೆಯಲ್ಲಿ ಬತ್ತಿ ಬಯಲಾಗುವಂತೆ ಅಲ್ಲಿನ ಕೊಳಗಳು ಚಳಿಗಾಲದಲ್ಲಿ ಕಲ್ಲಿನಂತೆ ಹೆಪ್ಪುಗಟ್ಟುತ್ತವೆ. ಆ ಮಂಜುಗಡ್ಡೆಯ ಮೇಲೆ ಜಾರುತ್ತ ಆಡುವ ಹಾಕಿಯೇ ಬೇರೆ. ಅಲ್ಲಿ ಚೆಂಡಿಲ್ಲ; ರಬ್ಬರಿನ ಚಪ್ಪಟೆ ಬಿಲ್ಲೆಯನ್ನು ಕೋಲಿನಿಂದ ನಡೆಸಬೇಕು. ಹೋಬಿ ರಾತ್ರಿಯ ಕತ್ತಲಲ್ಲಿ ಒಬ್ಬನೇ ಕೊಳಕ್ಕೆ ಹೋಗಿ ಅಭ್ಯಾಸ ಮಾಡುತ್ತಿದ್ದನೆಂದು ಹೇಳುತ್ತಾರೆ. ಬಿಲ್ಲೆ ಕಣ್ಣಿಗೆ ಕಾಣದಿದ್ದರೂ ಕೋಲಿನ ತುದಿಗೆ ತಿಳಿಯಬೇಕೆಂಬುದು ಅವನ ಹಟ.

1907ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನಲ್ಲಿ ದೊಡ್ಡ ಹಣಕಾಸಿನ ಗಂಡಾಂತರ ಒದಗಿತು. ಜನ ಬ್ಯಾಂಕುಗಳ ಮುಂದೆ ಸಾಲುಗಟ್ಟಿ ನಿಂತು ತಮ್ಮ ಠೇವಣಿಯನ್ನು ಹಿಂದಕ್ಕೆ ಕೇಳಿದರು. ಜೆ. ಪಿ. ಮಾರ್ಗನ್ ಎಂಬ ಪ್ರಸಿದ್ಧ ಬ್ಯಾಂಕರ್ ಇತರ ಸಾಹುಕಾರರನ್ನು ಕೂಡಿಸಿ ಹಣ ಹೊಂದಿಸಿದ ಮೇಲೆಯೇ ಗಾಬರಿ ಇಳಿಯಿತು. ಆದರೆ ಅಷ್ಟರಲ್ಲಿ ಎಷ್ಟೋ ಮನೆಗಳು ಸೊರಗಿದ್ದವು. ಬೇಕರ್ ಮನೆತನವೂ ಅವುಗಳಲ್ಲೊಂದು. ಇಬ್ಬರನ್ನು ಕಾಲೇಜಿಗೆ ಕಳುಹಿಸುವುದು ತಂದೆಯಿಂದ ಆಗದ ಮಾತಾಯಿತು.

ಆಗ ಅಣ್ಣನೇ ಹಿಂದೆ ಸರಿದನು. ತಮ್ಮ ಓದಲಿ, ತಮ್ಮ ಆಡಲಿ ಎಂದು ಥಾರ್ನ್‌ಟನ್ ತನ್ನ ಕಾಲೇಜನ್ನು ಬಿಟ್ಟುಕೊಟ್ಟನು. ಹೋಬಿಯ ಕಥೆ ಹೇಳುವವರು ಈ ಸಂಗತಿಯನ್ನು ಒಂದು ಸಾಲಿನಲ್ಲಿ ಮುಗಿಸಿ ಪಂದ್ಯಗಳ ವರ್ಣನೆಗೆ ಹೋಗುತ್ತಾರೆ. ನಮಗೆ ಮಾತ್ರ ಹಾಗೆ ದಾಟಿಹೋಗಲು ಮನಸ್ಸು ಬಾರದು. ಮುಂದೆ ಹೋಬಿ ಗಳಿಸಿದ ಪ್ರತಿಯೊಂದು ಅಂಕದ ಹಿಂದೆಯೂ ಕಾಲೇಜಿನ ಮೆಟ್ಟಿಲು ಹತ್ತದ ಆ ಅಣ್ಣನಿದ್ದಾನೆ.

1910ರಲ್ಲಿ ಹೋಬಿ ಪ್ರಿನ್ಸ್‌ಟನ್ ಸೇರಿದನು. ಒಬ್ಬ ವಿದ್ಯಾರ್ಥಿ ಎರಡು ಆಟಗಳಲ್ಲಿ ಮಾತ್ರ ಕಾಲೇಜನ್ನು ಪ್ರತಿನಿಧಿಸಬಹುದೆಂಬ ನಿಯಮ ಅಲ್ಲಿತ್ತು. ಅವನು ಬೇಸ್‌ಬಾಲನ್ನು ಬಿಟ್ಟು ಹಾಕಿಯನ್ನೂ ಫುಟ್‌ಬಾಲನ್ನೂ ಉಳಿಸಿಕೊಂಡನು. (ಅಮೆರಿಕದವರ ಫುಟ್‌ಬಾಲ್ ಹೆಸರಿಗೆ ಮಾತ್ರ ಕಾಲ್ಚೆಂಡು, ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆಟವದು.) ಇತರರು ತಲೆಗೆ ರಕ್ಷಾಕವಚ ಧರಿಸಿದರೆ ಇವನು ಬರಿದಲೆಯಲ್ಲೇ ಆಡುತ್ತಿದ್ದನು. 1911ರಲ್ಲಿ ಪ್ರಿನ್ಸ್‌ಟನ್ ಫುಟ್‌ಬಾಲ್ ತಂಡ ದೇಶದ ಅಗ್ರ ತಂಡವೆನಿಸಿತು. 1913ರಲ್ಲಿ ಹೋಬಿಯೇ ಅದರ ನಾಯಕ. ಎದುರಾಳಿಗಳು ಎಷ್ಟು ಹೊಡೆದು ಕೆಡವಿದರೂ ತಿರುಗಿ ಹೊಡೆಯುತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಅವರ ಕೋಣೆಗೇ ಹೋಗಿ ಕೈಕುಲುಕಿ ಬರುವುದು ಅವನ ಪದ್ಧತಿ.

1914ರಲ್ಲಿ ಪದವಿ ದೊರೆಯಿತು. ಮುಂದೇನು? ಹಣ ಕೊಟ್ಟು ಆಡಿಸುವ ಹಾಕಿ ತಂಡಗಳು ಕೆನಡಾದಲ್ಲಿ ಆಗಲೇ ಇದ್ದವು. ಅವನಿಗೆ ಕರೆಯೂ ಬಂದಿತು. ಆದರೆ ಹೋಬಿ ಬೆಳೆದ ಸಮಾಜದಲ್ಲಿ ಆಟಕ್ಕೆ ಹಣ ಪಡೆಯುವುದು ಕೀಳು, ಬ್ಯಾಂಕಿನಲ್ಲಿ ಕುಳಿತು ಪರರ ಹಣ ಎಣಿಸುವುದು ಮೇಲು. ಇದು ನಮಗೆ ವಿಚಿತ್ರವಾಗಿಯೇ ಕಾಣುತ್ತದೆ. ಅವನು ಸೇರಿದ್ದು ನ್ಯೂಯಾರ್ಕಿನ ಜೆ. ಪಿ. ಮಾರ್ಗನ್ ಬ್ಯಾಂಕನ್ನು. ತನ್ನ ತಂದೆಯ ಸಂಪತ್ತು ಕರಗಿದ ವರ್ಷದಲ್ಲಿ ಗಾಬರಿಯನ್ನು ತಡೆದ ಆ ಮಾರ್ಗನ್ನರ ಸಂಸ್ಥೆಯೇ ಅದು.

ಹಗಲು ಬ್ಯಾಂಕು, ಸಂಜೆ ಸೇಂಟ್ ನಿಕೋಲಸ್ ಕ್ಲಬ್ಬಿನ ಪರವಾಗಿ ಸಂಬಳವಿಲ್ಲದ ಹಾಕಿ. ಅವನ ಆಟ ನೋಡಲು ಮೋಟಾರುಗಳು ಸಾಲುಗಟ್ಟಿ ಬರುತ್ತಿದ್ದವು. ಅವನ ಹೆಸರನ್ನೇ ಹೊರಗಿನ ಫಲಕದಲ್ಲಿ ದೊಡ್ಡದಾಗಿ ಹಾಕಿದಾಗ ಅದನ್ನು ತೆಗೆಯಿಸಿದನೆಂದು ಪ್ರತೀತಿ. ಮೇಜಿನ ಕೆಲಸ ಮಾತ್ರ ಅವನಿಗೆ ಹಿಡಿಸಲಿಲ್ಲ. ಇಪ್ಪತ್ತೆರಡರ ತನಕ ಕೇಕೆಗಳ ನಡುವೆ ಬೆಳೆದವನಿಗೆ ಲೆಕ್ಕಪುಸ್ತಕದ ಮೌನ ಭಾರವಾಗಿದ್ದರೆ ಆಶ್ಚರ್ಯವಿಲ್ಲ. 1916ರಲ್ಲಿ ಅವನು ಗವರ್ನರ್ಸ್ ಐಲೆಂಡಿನಲ್ಲಿ ವಿಮಾನ ಹಾರಿಸಲು ಕಲಿತನು. ಆ ನವೆಂಬರಿನಲ್ಲಿ ಪ್ರಿನ್ಸ್‌ಟನ್-ಯೇಲ್ ಪಂದ್ಯದ ದಿನ ಇತರ ವಿಮಾನಗಳೊಡನೆ ತನ್ನ ಹಳೆಯ ಕಾಲೇಜಿಗೆ ಹಾರಿಬಂದನು.

ಮರುವರ್ಷ ಅಮೆರಿಕ ಮೊದಲನೆಯ ಮಹಾಯುದ್ಧಕ್ಕೆ ಇಳಿಯಿತು. ಹೋಬಿ ಫ್ರಾನ್ಸಿಗೆ ಹೋದನು. ಅಲ್ಲಿ ಯುದ್ಧವಿಮಾನ ಹಾರಿಸಿ, ಫ್ರೆಂಚ್ ಸರಕಾರದಿಂದ ಶೌರ್ಯಪದಕ ಪಡೆದು, 1918ರಲ್ಲಿ 141ನೆಯ ವಿಮಾನದಳದ ನಾಯಕನಾದನು. ದಳದ ವಿಮಾನಗಳಿಗೆ ಅವನು ಬಳಿಸಿದ್ದು ಪ್ರಿನ್ಸ್‌ಟನ್ನಿನ ಕಿತ್ತಳೆ ಮತ್ತು ಕಪ್ಪು ಬಣ್ಣಗಳನ್ನೇ. ಬ್ಯಾಂಕನ್ನು ನೆನೆಯಲು ಏನನ್ನಾದರೂ ಬಳಿಸಿದನೆಂದು ಯಾರೂ ಬರೆದಿಲ್ಲ!

ನವೆಂಬರ್ 11ಕ್ಕೆ ಯುದ್ಧ ನಿಂತಿತು. ಡಿಸೆಂಬರ್ 21ರಂದು, ಊರಿಗೆ ಮರಳುವ ಆಜ್ಞೆ ಕೈಗೆ ಬಂದಿದ್ದಾಗ, ತೂಲ್ ಎಂಬಲ್ಲಿ ಕಡೆಯದಾಗಿ ಒಮ್ಮೆ ಹಾರಲು ಹೊರಟನು. ಆಗತಾನೆ ದುರಸ್ತಿಯಾದ ವಿಮಾನವೊಂದಿತ್ತು. ಅದನ್ನು ಪರೀಕ್ಷಿಸುವ ಅಪಾಯವನ್ನು ಕೈಕೆಳಗಿನವರಿಗೆ ಬಿಡದೆ ತಾನೇ ಹತ್ತಿದನು. ಹೆಚ್ಚು ಎತ್ತರಕ್ಕೇರುವ ಮೊದಲೇ ಎಂಜಿನ್ ನಿಂತಿತು. ನಿಲ್ದಾಣದ ಕಡೆಗೆ ತಿರುಗಿಸುವಷ್ಟರಲ್ಲಿ ವಿಮಾನ ನೆಲಕ್ಕೆ ಬಡಿಯಿತು. ಆಗ ಹೋಬಿಗೆ ಇಪ್ಪತ್ತಾರು ವರ್ಷ.

1923ರಲ್ಲಿ ಪ್ರಿನ್ಸ್‌ಟನ್ ತನ್ನ ಹಾಕಿ ಅಂಗಣಕ್ಕೆ ಅವನ ಹೆಸರಿಟ್ಟಿತು. 1945ರಲ್ಲಿ ಕೆನಡಾದ ಹಾಕಿ ಕೀರ್ತಿಶಾಲೆಗೆ ಆರಿಸಿದ ಮೊದಲ ತಂಡದ ಆಟಗಾರರಲ್ಲಿ ಅವನೂ ಸೇರಿದನು. 1975ರಲ್ಲಿ ಕಾಲೇಜು ಫುಟ್‌ಬಾಲಿನವರೂ ಅದೇ ಗೌರವ ಕೊಟ್ಟರು. 1981ರಿಂದ ಅಮೆರಿಕದ ಕಾಲೇಜುಗಳ ಅತ್ಯುತ್ತಮ ಹಾಕಿ ಆಟಗಾರನಿಗೆ ವರ್ಷವರ್ಷವೂ ಹೋಬಿ ಬೇಕರ್ ಪ್ರಶಸ್ತಿ ಸಲ್ಲುತ್ತಿದೆ. ಅದನ್ನು ಪಡೆದ ಹುಡುಗರಲ್ಲಿ ಹಲವರು ಮುಂದೆ ಹಣಕ್ಕಾಗಿ ಆಡುವ ತಂಡಗಳಿಗೇ ಹೋಗಿದ್ದಾರೆ.